ಒಂದೇ ಹಾಳೆಯ ಮೇಲೆ ಹನ್ನೊಂದು ಹೆಬ್ಬೆಟ್ಟು

ಆ ಹಾಳೆ ಈಗ ಯಾರ ಕೈಯಲ್ಲಿದೆಯೋ ಎಂಬ ಚಿಂತೆ ಮೂರು ದಿನ ನನ್ನ ಬೆನ್ನು ಬಿಡಲಿಲ್ಲ. ಮಗುವಿನ ಹಾಲಿನ ಬಾಟಲಿ ಕುದಿಯಲಿಟ್ಟು ಒಲೆಯ ಮುಂದೆ ನಿಂತರೆ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಬೀದಿಯಲ್ಲಿ ಜೀಪಿನ ಸದ್ದಾದರೆ ಮಗುವನ್ನು ಎದೆಗವಚಿಕೊಂಡು ಕಿಟಕಿಗೆ ಓಡುತ್ತಿದ್ದೆ. ಜೀಪು ನಮ್ಮ ಮನೆಗೆ ಬರುವುದಲ್ಲ, ಕಲ್ಲು ಕೆಲಸದವರ ಖಣಿ ಲೈನಿಗೆ ಹೋಗುವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಓಡುತ್ತಿದ್ದೆ.

ಅದು ಎಪ್ಪತ್ತಾರನೆಯ ಇಸವಿ, ಊರು ಶಹಾಬಾದ. ಬೆಂಗಳೂರಿನಲ್ಲಿ ಹುಟ್ಟಿ ಓದಿದ ನಾನು ಸೇಡಂ ಕಡೆಯ ಮನೆತನಕ್ಕೆ ಸೊಸೆಯಾಗಿ ಬಂದಿದ್ದೆ. ನಮ್ಮವರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ. ಮಗಳಿಗೆ ಆಗ ಹತ್ತು ತಿಂಗಳು. ಊರ ಹೊರಗಿನ ಶಿಕ್ಷಕಿಯರ ತರಬೇತಿ ಶಾಲೆಗೆ ನಾನು ಮಗುವನ್ನು ಎತ್ತಿಕೊಂಡೇ ಹೋಗುತ್ತಿದ್ದೆ. ಕಂಕುಳಲ್ಲಿ ಮಗು, ಹೆಗಲಿಗೆ ಕಾಯಿಸಿದ ನೀರಿನ ಥರ್ಮಾಸು, ಚೀಲದಲ್ಲಿ ಎರಡು ಜೊತೆ ಬಟ್ಟೆ. ಮೊದಲ ದಿನ ನನ್ನನ್ನು ಬಾಗಿಲಲ್ಲಿ ನೋಡಿದ ಹಮೀದಾಬೇಗಂ ನಕ್ಕುಬಿಟ್ಟಿದ್ದರು.

"ಬರ್ರಿ, ಬರ್ರಿ. ಇದೇನ್ರಿ, ಹಜ್ ಯಾತ್ರಾಕ್ಕ ಹೊಂಟಂಗ ಬಂದೀರಿ! ಕುಂದ್ರಿ. ಕೂಸಿಂದೂ ಹೆಸರು ಹೇಳ್ರಿ, ಅದಕ್ಕೂ ಹಾಜರಿ ಹಾಕ್ತೀನಿ."

ಕಿಟಕಿಯ ಸರಳಿಗೆ ತಮ್ಮ ಹಳೆಯ ಸೀರೆ ಕಟ್ಟಿ ತೊಟ್ಟಿಲು ಮಾಡಿಸಿದವರೂ ಅವರೇ. ನಮಗೆ ಪಾಠ ಹೇಳುವ ಕ್ರಮ ಕಲಿಸುತ್ತಿದ್ದ ಅವರನ್ನು ಊರೆಲ್ಲ 'ಆಪಾ', ಅಂದರೆ ಅಕ್ಕ, ಎಂದು ಕರೆಯುತ್ತಿತ್ತು. ನಾವೂ ಹಾಗೇ ಕರೆದೆವು.

ಆಪಾ ಚಿತ್ತಾಪುರದವರು. ಅವರ ಅಪ್ಪ ತಹಸೀಲ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕುಳಿತು ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಮುನ್ಷಿ. ಓದು ಬಾರದವರ ಹೆಬ್ಬೆಟ್ಟು ಒತ್ತಿಸುವ ಮುಂಚೆ ಬರೆದದ್ದನ್ನು ಎರಡು ಸಲ ಓದಿ ಹೇಳುವುದು ಅವರ ನೇಮವಾಗಿತ್ತಂತೆ. ಐವತ್ತಾರರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಯ ಭಾಷೆ ಬದಲಾದಾಗ ಮುನ್ಷಿಯ ಮುಂದೆ ನಿಲ್ಲುವವರು ಕಡಿಮೆಯಾದರು. ಅವರ ಮಗಳು, ಅಂದರೆ ನಮ್ಮ ಆಪಾ, ಆಗಷ್ಟೇ ಉರ್ದು ಶಾಲೆಯ ಟೀಚರಾಗಿದ್ದಳು. ಅವಳನ್ನು ಸೇಡಂ ತಾಲೂಕಿನ ಮುಧೋಳಕ್ಕೆ ವರ್ಗ ಮಾಡಿದರು. ತರಗತಿಯಲ್ಲಿ ಅರ್ಧ ಮಕ್ಕಳು ಕನ್ನಡ, ಅರ್ಧ ಮಕ್ಕಳು ತೆಲುಗು. ಟೀಚರಿಗೆ ಎರಡೂ ನೆಟ್ಟಗೆ ಬರುತ್ತಿರಲಿಲ್ಲ.

ಈ ಕತೆಯನ್ನು ಆಪಾ ಪ್ರತಿ ವರ್ಷ ಹೊಸದಾಗಿ ಬಂದವರಿಗೆ ಹೇಳುತ್ತಿದ್ದರು. "ಮೂರು ದಿನಾ ಖುರ್ಚಿ ಮ್ಯಾಲ ಮೂಕಿಯಂಗ ಕುಂತೆ. ನಾಕನೇ ದಿನ ಒಂದು ಹುಡುಗಿ ಎದ್ದು ಬಂದು ನನ್ನ ಕೈ ಹಿಡಕೊಂಡು ಅವರವ್ವನ ಕಡೆ ಎಳಕೊಂಡು ಹೋದಳು. ಯವ್ವಾ, ನಮ್ಮ ಟೀಚರಿಗೆ ಮಾತ ಬರಂಗಿಲ್ಲ, ನೀನರ ಕಲಸು ಅಂದಳು."

ಆ ತಾಯಿಯ ಹೆಸರು ಅಮೃತಮ್ಮ. ಒಂದು ವರ್ಷ ದಿನಾ ಸಂಜೆ ಅವಳ ಅಂಗಳದಲ್ಲಿ ಕುಳಿತು ಆಪಾ ಕನ್ನಡ ಕಲಿತರು. ಇಲಾಖೆಯ ಪರೀಕ್ಷೆ ಪಾಸಾದ ಸುದ್ದಿ ಹೇಳಲು ಹೋದರೆ ಅಮೃತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳಂತೆ. "ನಿನಗ ಪಾಸ್ ಮಾಡ್ಲಿಕ್ಕ ಸರಕಾರ ಯಾವೂರಂವ? ಕಲಿಸಿದಾಕಿ ನಾ. ನಿನ್ನ ಬುಕ್ಕಿನಾಗ ನನ್ನ ಸಹಿ ಎಲ್ಲದ?" ಎಂದು ಹಣತೆಯ ಕಾಡಿಗೆ ಬಳಿದುಕೊಂಡು, ಆಪಾ ಪದಗಳನ್ನು ಬರೆದುಕೊಂಡಿದ್ದ ನೋಟ್‌ಬುಕ್ಕಿನ ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿದಳು.

ಆಪಾ ತರಬೇತಿ ಶಾಲೆಗೆ ಬಂದ ಮೇಲೆ ಅದನ್ನೇ ಪದ್ಧತಿ ಮಾಡಿದರು. ಶಹಾಬಾದ, ವಾಡಿಯ ಶಾಲೆಗಳಲ್ಲಿ ಒಂದೇ ಕೋಣೆಯೊಳಗೆ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮನೆಗಳ ಮಕ್ಕಳು ಕೂಡಿ ಕೂರುತ್ತವೆ. ಅಂಥ ತರಗತಿಗೆ ಪಾಠ ಮಾಡಲು ಹೋಗುವ ಪ್ರತಿಯೊಬ್ಬಳೂ ಮೊದಲು ಆ ಮಕ್ಕಳ ಮನೆಗಳಿಗೆ ಹೋಗಬೇಕು. ಪ್ರತಿ ಮನೆಯ ತಾಯಿಯಿಂದ ತನಗೆ ಬಾರದ ಒಂದು ಕೆಲಸ ಕಲಿಯಬೇಕು. ಕಲಿತದ್ದನ್ನು ಬರೆದು, ಅವಳಿಗೆ ಓದಿ ಹೇಳಿ, ಬರೆದದ್ದರ ಕೆಳಗೆ ಅವಳ ಹೆಬ್ಬೆಟ್ಟು ಹಾಕಿಸಬೇಕು. ಪಕ್ಕದಲ್ಲಿ ಸಾಕ್ಷಿಯೆಂದು ತನ್ನ ಸಹಿ. ಆ ನೋಟ್‌ಬುಕ್ ತುಂಬುವವರೆಗೆ ತರಗತಿಯಲ್ಲಿ ಕುಳಿತು ನೋಡಬಹುದು, ಕರಿಹಲಗೆಯ ಹತ್ತಿರ ಹೋಗುವ ಹಾಗಿಲ್ಲ.

ನನಗೆ ಹಾಕಿದ್ದು ಖಣಿ ಲೈನಿನ ಶಾಲೆ. ಕಲ್ಲು ತೆಗೆದು ಬಿಟ್ಟ ಗುಂಡಿಗಳ ಅಂಚಿನಲ್ಲಿ ಪರಸಿಯನ್ನೇ ನಿಲ್ಲಿಸಿ ಗೋಡೆ ಮಾಡಿಕೊಂಡ ಮನೆಗಳ ಸಾಲು ಅದು. ಗುಂಡಿಗಳಲ್ಲಿ ಹಸಿರು ನೀರು. ಮಗುವನ್ನು ಅತ್ತ ಕರೆದೊಯ್ಯುವಾಗ ನಾನು ಎಡಗೈಯಿಂದ ಅದರ ಬಾಯಿ ಮುಚ್ಚಿಕೊಂಡೇ ನಡೆಯುತ್ತಿದ್ದೆ, ಗಾಳಿಯಲ್ಲೇ ರೋಗವಿದ್ದ ಹಾಗೆ.

ಮೊದಲ ಮನೆ ಚಂದಮ್ಮನದು. ಗಂಡ ಹೆಂಡತಿ ಚಿಂಚೋಳಿ ಕಡೆಯವರು. ಚಂದ್ರಂಪಳ್ಳಿ ಅಣೆಕಟ್ಟೆಯ ಕೆಲಸ ಮುಗಿದ ಮೇಲೆ ಕಲ್ಲಿನ ಕೆಲಸಕ್ಕೆ ಬಂದವರು. ಅವಳ ಮಗಳು ಮಾಳಮ್ಮ ಒಂದನೆಯ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಚಂದಮ್ಮ ನನಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದಳು. ಅಂದರೆ, ಕಲಿಸಲು ನೋಡಿದಳು.

"ಇದೇನ್ ರೊಟ್ಟಿಯೋ, ಹೊಲದ ನಕಾಶೆಯೋ?" ಎಂದು ಪಕ್ಕದ ಮನೆಯವಳು ಬಗ್ಗಿ ನೋಡಿದಳು.

"ಸುಮ್ಮನಿರ ಯಕ್ಕಾ, ಬೆಂಗಳೂರಿನಾಗ ಹಿಂಗಽ ಇರ್ತಾವೇನೋ," ಎಂದಳು ಚಂದಮ್ಮ. "ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳ ನೋಡು. ಕೈಗೆ ಮಾತ್ರ ಬ್ಯಾಟರಿ ಇಲ್ಲ."

ಎಲ್ಲರೂ ನಕ್ಕರು. ಅಮ್ಮನ ಪಕ್ಕ ಕುಳಿತಿದ್ದ ಮಾಳಮ್ಮ ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡದವಳು, "ನೀರು ಹಚ್ಚಿಕೋ ಟೀಚರ, ಅಂಟ್ಕೊಳ್ಳಂಗಿಲ್ಲ," ಎಂದಳು. ಆಪಾ ನಮ್ಮನ್ನು ಯಾಕೆ ಕಳಿಸುತ್ತಾರೆಂದು ಆ ಕ್ಷಣ ನನಗೆ ಅರ್ಥವಾಯಿತು.

ಆದರೆ ಅರ್ಥವಾದದ್ದನ್ನು ನಾನು ಸರಿಯಾಗಿ ಮಾಡಲಿಲ್ಲ. ಮಗು ಅಳುತ್ತಿತ್ತು, ಹೊತ್ತಾಗುತ್ತಿತ್ತು. ಹನ್ನೊಂದು ಮನೆ, ಹನ್ನೊಂದು ಬರಹ, ಒಂದೊಂದರ ಕೆಳಗೆ ಒಂದೊಂದು ಹೆಬ್ಬೆಟ್ಟು ಎಂದರೆ ಯಾವಾಗ ಮುಗಿಯಬೇಕು? ಬೆಂಗಳೂರಿನ ಶಾಲೆಯಲ್ಲಿ ಕಲಿತ ಅಚ್ಚುಕಟ್ಟು ನನ್ನ ತಲೆಗೇರಿತು. ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡಿಪಟ್ಟಿಯಿಂದ ಗೆರೆ ಎಳೆದೆ. ಹೆಸರು, ಗಂಡನ ಹೆಸರು, ಮಕ್ಕಳು ಎಷ್ಟು, ಮನೆಮಾತು, ಹೆಬ್ಬೆಟ್ಟು. ಒಂದೇ ಸುತ್ತಿನಲ್ಲಿ ಹನ್ನೊಂದನ್ನೂ ಒತ್ತಿಸಿಕೊಂಡೆ. ಕೆಳಗೆ 'ಸಾಕ್ಷಿ: ಗುರುದೇವಿ' ಎಂದು ಸಹಿ ಮಾಡಿದೆ. ಕಲಿತದ್ದನ್ನು ಬಿಡುವಾದಾಗ ಬೇರೆ ಕಡೆ ಬರೆದರಾಯಿತು ಎಂದುಕೊಂಡೆ.

ಆಪಾ ಅದನ್ನು ನೋಡಿದವರೇ ಕನ್ನಡಕ ತೆಗೆದರು. "ಇದೇನ್ ಮಾಡೀಯವ್ವಾ? ರೇಷನ್ ಯಾದಿ ಮಾಡೀಯೇನು? ಅವರೇನ್ ಹೇಳ್ಯಾರಂತ ಎಲ್ಲದ ಇದರಾಗ?"

"ಆಮೇಲೆ ಬರೀತೀನಿ ಆಪಾ."

"ಆಮ್ಯಾಲ ಅಲ್ಲ. ಇದನ್ನ ಹರದು ಹಾಕು. ಏನೂ ಬರೀಲಾರದ ಹಾಳಿ ಮ್ಯಾಲ ಬರೇ ಹೆಬ್ಬೆಟ್ಟು ಇಡಬಾರದು. ಯಾರ ಕೈಗೆ ಸಿಕ್ತಂದ್ರ ಮ್ಯಾಲ ಏನ್ ಬೇಕಾದ್ದು ಬರಕೊಳ್ತಾರ. ನಮ್ಮ ಅಬ್ಬಾ ಭಾಳ ನೋಡ್ಯಾರ ಅಂಥವು."

ಹೂಂ ಅಂದೆ. ಆ ವಾರವೇ ಮಗುವಿಗೆ ಜ್ವರ ಬಂತು. ಮೂರು ವಾರ ನಾನು ಶಾಲೆಗೇ ಹೋಗಲಿಲ್ಲ. ಹಾಳೆ ನೋಟ್‌ಬುಕ್ಕಿನೊಳಗೆ ಹಾಗೇ ಉಳಿಯಿತು.

ತುರ್ತು ಪರಿಸ್ಥಿತಿಯ ಆ ವರ್ಷದ ಗಾಳಿ ಎಲ್ಲರಿಗೂ ನೆನಪಿದೆ. ಮಕ್ಕಳಾಗದ ಆಪರೇಷನ್ನಿಗೆ ಇಂತಿಷ್ಟು ಜನರನ್ನು ಕರೆತರಬೇಕೆಂದು ಮೇಲಿನಿಂದ ಕೆಳಗಿನವರೆಗೆ ಗುರಿ ಕೊಟ್ಟಿದ್ದರು. ಹಾಗೆ ಕರೆತಂದವರಿಗೆ 'ಕೇಸು' ಎಂದು ಹೆಸರು. ಟೀಚರುಗಳು ಕೇಸು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ನಾಲವಾರದ ಸ್ಟೇಷನ್ನಿನಲ್ಲಿ ಕೇಸು ಹುಡುಕುವ ಖಾದಿ ಚೀಲದವರು ಇಳಿದರೆ ಜನ ರೈಲಿನ ಇನ್ನೊಂದು ಕಡೆಯಿಂದ ಇಳಿದು ಹೊಲ ಹಿಡಿಯುತ್ತಾರೆ ಎಂದು ನಮ್ಮವರು ನಗುತ್ತಾ ಹೇಳಿದ್ದರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಶುಕ್ರವಾರ ನಾನು ತರಬೇತಿ ಶಾಲೆಗೆ ಮರಳಿದೆ. ಆಪಾ ಆ ದಿನ ವಾಡಿಯ ಶಾಲೆಗಳನ್ನು ನೋಡಲು ಹೋಗಿದ್ದರು. ಹೆಡ್ ಕ್ಲರ್ಕ್ ನಾಗೇಂದ್ರಪ್ಪ ನನ್ನನ್ನು ಕರೆದು ಖುರ್ಚಿ ತೋರಿಸಿದರು. ಯಾವತ್ತೂ ತೋರಿಸಿದವರಲ್ಲ.

"ತಂಗೆವ್ವಾ, ಕೂಸು ಆರಾಮದ ಏನು? ನಿಮ್ಮ ಹಾಜರಿ ಭಾಳ ಕಮ್ಮಿ ಬಿದ್ದದಲ್ಲ. ಪರೀಕ್ಷಾಕ್ಕ ಕುಂದ್ರಸಂಗಿಲ್ಲ ಅಂತ ಬರೀಬೇಕಾಗ್ತದ. ಬರೀಲಿಕ್ಕ ನನಗ ಮನಸ್ಸಿಲ್ಲ ನೋಡ್ರಿ." ಹಾಜರಿ ಪುಸ್ತಕ ಮುಚ್ಚಿದರು. "ನಿಮ್ಮ ಖಣಿ ಲೈನಿನ ನೋಟ್‌ಬುಕ್ ಕೊಟ್ಟು ಹೋಗ್ರಿ. ಮ್ಯಾಲಿನವರು ತಪಾಸಣಿಗೆ ಕೇಳ್ಯಾರ. ಹಾಜರಿ ನಾ ನೋಡ್ಕೊಳ್ತೀನಿ."

ಕೊಟ್ಟೆ. ಎದ್ದು ಬರುವಾಗ ಥ್ಯಾಂಕ್ಸ್ ಕೂಡ ಹೇಳಿದೆ.

ಸೋಮವಾರ ಖಣಿ ಲೈನಿನ ಶಾಲೆಯ ತರಗತಿಯಲ್ಲಿ ಅರ್ಧ ಮಕ್ಕಳಿರಲಿಲ್ಲ. ಕೊನೆಯ ಸಾಲು ಪೂರ್ತಿ ಖಾಲಿ. ಮಗುವನ್ನು ಎತ್ತಿಕೊಂಡು ಲೈನಿಗೆ ಹೋದೆ. ಹಾಡುಹಗಲಿನಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಒಲೆಯಿಂದಲೂ ಹೊಗೆ ಬರುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಒಂದು ನಾಯಿ ನನ್ನನ್ನು ನೋಡಿ ಎದ್ದು ನಿಂತಿತು, ಬೊಗಳಲಿಲ್ಲ. ಚಂದಮ್ಮನ ಬಾಗಿಲು ಮೂರು ಸಲ ತಟ್ಟಿದೆ. ನಾಲ್ಕನೆಯ ಸಲಕ್ಕೆ ಒಂದು ಗೇಣು ತೆರೆಯಿತು.

"ನಮ್ಮ ಹೆಬ್ಬೆಟ್ಟು ಎಲ್ಲಿಗಿ ಒಯ್ದಿ?"

"ಯಾಕೆ ಚಂದಮ್ಮ, ಏನಾಯ್ತು?"

"ಮುಂಜಾನಿ ಜೀಪ ಬಂದಿತ್ತು. ಒಬ್ಬಂವ ನಿಂತು ಹೆಸರು ಓದಿದ. ಮೊದಲ ನಂದು, ಆಮ್ಯಾಲ ಬಾಜೂ ಮನಿ ಅಕ್ಕಂದು. ನೀ ಹೆಂಗ ಬರಕೊಂಡು ಹೋಗಿದ್ದಿಯಲ್ಲ, ಹಂಗಽ. ಬೇಸ್ತವಾರ ಎಲ್ಲಾರೂ ತಯಾರಿರ್ರಿ, ಆಪರೇಷನ್ನಿಗಿ ಹೂಂ ಅಂತ ನೀವಽ ಹೆಬ್ಬೆಟ್ಟು ಹಚ್ಚೀರಿ, ಬರಲಿಲ್ಲಂದ್ರ ಪೋಲೀಸರು ಬರ್ತಾರ ಅಂದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. "ಮೂರು ಮಕ್ಕಳ ತಾಯಿ ಅಂತ ಓದಿದ. ನಂಗ ಮಾಳಿ ಒಬ್ಬಾಕಿನಽ."

"ನೀನೇ ಮೂರು ಅಂದಿದ್ದೆಯಲ್ಲ?"

"ಹಡದದ್ದು ಮೂರು. ಎರಡು ಚಂದ್ರಂಪಳ್ಳಿ ಕಟ್ಟಿ ಕಡೆ ವಾಂತಿ ಹತ್ತಿ ಹೋದವು. ಹೋದವು ಅಂದ್ರ ನನ್ನವಲ್ಲೇನು? ನೀ ಎಷ್ಟು ಅಂತ ಕೇಳಿದಿ, ಹೇಳಿದೆ. ಇರೂವು ಎಷ್ಟು ಅಂತ ನೀ ಕೇಳಲೇ ಇಲ್ಲ."

ಬಾಗಿಲು ಮುಚ್ಚಿತು. ಮಗು ನನ್ನ ಕಿವಿಯೋಲೆ ಹಿಡಿದು ಎಳೆಯುತ್ತಿತ್ತು. ಮೂರು ಎಂದು ನಾನು ಬರೆಯುವಾಗ ಅವಳ ಪಕ್ಕದಲ್ಲಿ ಕುಳಿತಿದ್ದದ್ದು ಒಬ್ಬಳೇ ಮಾಳಮ್ಮ. ಉಳಿದಿಬ್ಬರು ಎಲ್ಲೋ ಆಡುತ್ತಿರಬೇಕು ಎಂದುಕೊಂಡಿದ್ದೆ. ಆ ಕಡೆಯ ತಾಯಂದಿರು ಸತ್ತ ಮಕ್ಕಳನ್ನೂ ಎಣಿಕೆಯಿಂದ ಬಿಡುವುದಿಲ್ಲ ಎಂಬುದು ನಾನು ಆ ಮನೆಯಲ್ಲಿ ಕಲಿಯಬೇಕಾಗಿದ್ದ ಪಾಠ. ನಾನು ಗೆರೆ ಎಳೆಯುವುದರಲ್ಲಿದ್ದೆ.

ಮಂಗಳವಾರ ನಾಗೇಂದ್ರಪ್ಪನ ಮೇಜಿನ ಮೇಲೆ ಆ ಹಾಳೆ ಕಂಡೆ. ಅದರ ತಲೆಗೆ ಟೈಪು ಮಾಡಿದ ಒಂದು ಚೀಟಿ ಅಂಟಿಸಿದ್ದರು. 'ಸ್ವಇಚ್ಛೆಯಿಂದ ಒಪ್ಪಿದವರ ಪಟ್ಟಿ.' ಅಂಚಿನಲ್ಲಿ ಒಣಗಿದ ಅಂಟು ಹೊಳೆಯುತ್ತಿತ್ತು. ಇದರ ಫೋಟೋ ನಕಲು ಆಗಲೇ ಗುಲಬರ್ಗಾಕ್ಕೆ ಹೋಗಿಯಾಗಿದೆ ಎಂದರು.

"ಇದು ಸುಳ್ಳು ಸಾರ್. ಇದು ಪಾಠದ ಹಾಳೆ."

"ಹಾಳಿ ನಿಮ್ಮದು, ಅಕ್ಷರ ನಿಮ್ಮದು, ಸಾಕ್ಷಿ ನೀವು. ನಂದೇನದ ಇದರಾಗ ತಂಗೆವ್ವಾ? ಒಂದು ಚೀಟಿ, ಒಂದಿಷ್ಟು ಗೋಂದು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹನ್ನೊಂದು ಕೇಸು ಕೊಡಲಿಲ್ಲಂದ್ರ ನನ್ನ ನೌಕರಿ ಹೋಗ್ತದ. ನನಗೂ ಮನ್ಯಾಗ ನಾಕು ಹೆಣ್ಣಾವ. ನಿಮಗ ಒಂದು ಕೂಸದ. ಈಗಿನ ಕಾಲ ಹೆಂಗದ ಗೊತ್ತಿಲ್ಲೇನು? ಸುಮ್ಮನ ಪರೀಕ್ಷಾ ಬರಕೊಂಡು ಹೋಗ್ರಿ."

ಹಾಳೆಯನ್ನು ಡ್ರಾಯರಿನೊಳಗೆ ಸರಿಸಿ ಬೀಗ ಹಾಕಿದರು. ನನಗೆ ಅವರ ಮಾತಿಗಿಂತ ಆ ಬೀಗದ ಸದ್ದು ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಪಾನ ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಒಂದು ಲಕೋಟೆ ನನ್ನ ಕಡೆ ಸರಿಸಿದರು. ಅಪ್ಪಣೆಯಿಲ್ಲದೆ ಜನರ ಹೆಬ್ಬೆಟ್ಟು ಸಂಗ್ರಹಿಸುವ ಪದ್ಧತಿ ನಡೆಸಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿದ ಮೆಮೊ ಅದು.

"ನಾ ಗುರುವಾರ ಚಂದಮ್ಮನ ಬಾಗಲದಾಗ ಕುಂದರ್ತೀನಿ," ಎಂದರು. "ಇಪ್ಪತ್ತು ವರ್ಷದಾಗ ಒಂದು ಮನಿ ಬಾಗಲಾ ನನಗ ಮುಚ್ಚಿದ್ದಿಲ್ಲ. ಇವತ್ತು ಮುಂಜಾನಿ ಹೋಗಿದ್ದೆ. ಒಂದೂ ತೆರೀಲಿಲ್ಲ. ಹೊರಗಽ ಕುಂದರ್ತೀನಿ."

"ಆಪರೇಷನ್ ಮಾಡೋ ಡಾಕ್ಟರಿಗೆ ಹೇಳಿದರೆ?"

"ಫೋನ್ ಮಾಡಿದ್ದೆ. ಕ್ಯಾಂಪಿನ ಡಾಕ್ಟರು ಶೌಕತ ಅಲಿ ಅಂತ, ಗುಲಬರ್ಗಾದಾಗ ಇರ್ತಾರ. ಪಾಪ, ಪೂರಾ ಕೇಳಿದರು. ಆದ್ರ ಹಾಳಿ ಮ್ಯಾಲ ನಿಮ್ಮ ಹೆಸರಿಲ್ಲಲ್ಲ ಬೇಗಂ, ಸಾಕ್ಷಿ ಹಾಕಿದಾಕಿ ತಾನಽ ಹೇಳಬೇಕು, ಇಲ್ಲಾಂದ್ರ ನನ್ನ ಕೈ ಕಟ್ಟಿರ್ತಾವ ಅಂದರು." ಆಪಾ ಮಗುವಿನ ಕೆನ್ನೆ ಮುಟ್ಟಿದರು. "ಆ ಸಾಕ್ಷಿ ಯಾರಾಕಿ ಅಂತ ನಾ ಹೇಳಿಲ್ಲ. ಹೇಳಂಗೂ ಇಲ್ಲ. ನೀನಽ ಹೇಳಿದರ ನಿನ್ನ ಸರ್ಟಿಫಿಕೇಟು ಹೋಗ್ತದ. ನಿಮ್ಮ ಮನಿಯವರ ಕಂಪನಿಗೂ ಸುದ್ದಿ ಮುಟ್ತದ. ಅದನ್ನ ತೂಗೂದು ನೀನು."

ಮೇಜಿನ ಮೇಲೆ ಡಾಕ್ಟರ ಫೋನ್ ನಂಬರು ಬರೆದ ಚೀಟಿ ಇಟ್ಟು, ಮುಂದಿನ ತರಗತಿಗೆ ಹೋದರು. ಅಲ್ಲಿ ಎಂದಿನಂತೆ ದನಿ ಎತ್ತಿ ಪಾಠ ಮಾಡುವುದು ಕೇಳಿಸುತ್ತಿತ್ತು.

ಸಂಜೆ ನಮ್ಮವರಿಗೆ ಹೇಳಿದೆ. ಊಟದ ತಟ್ಟೆ ದೂರ ಸರಿಸಿದರು. "ನಿನಗ ತಲಿ ಕೆಟ್ಟದೇನು? ಮೊನ್ನೆ ನಮ್ಮ ಆಫೀಸಿನ ಒಬ್ಬಂವ ಏನೋ ಅಂದ ಅಂತ ಕರಕೊಂಡು ಹೋದರು. ಇನ್ನೂ ಮನಿಗಿ ಬಂದಿಲ್ಲ. ಕೂಸಿನ ಮಾರಿ ನೋಡಿ ಸುಮ್ಮನಿರು."

ಕೂಸಿನ ಮುಖವನ್ನೇ ನೋಡುತ್ತಾ ಬುಧವಾರದ ಅರ್ಧ ದಿನ ಕಳೆದೆ. ಮಲಗಿತ್ತು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಜ್ವರ ಬಂದ ಮೂರು ವಾರ ಉಸಿರು ಎಣಿಸುತ್ತಾ ಕುಳಿತಿದ್ದೆನಲ್ಲ, ಹಾಗೇ ಎಣಿಸಿದೆ. ಚಂದಮ್ಮ ಎರಡು ಸಲ ಹೀಗೆ ಎಣಿಸುತ್ತಾ ಕುಳಿತಿರಬೇಕು. ಇನ್ನೊಂದು ಮಗುವಿನ ಆಸೆ ಅವಳಿಗಿದೆಯೋ ಇಲ್ಲವೋ ನಾನು ಕೇಳಿರಲಿಲ್ಲ. ನಾಳೆಯ ನಂತರ ಕೇಳಲು ಏನೂ ಉಳಿಯುವುದಿಲ್ಲ. ಖಣಿಯಲ್ಲಿ ಮದ್ದು ಹಾರಿಸುವ ಮುಂಚಿನ ಸೀಟಿ ಕೇಳಿಸಿತು. ಗೋಡೆ ಅದುರಿತು. ಮಗು ಎದ್ದು ಅತ್ತಿತು. ಎತ್ತಿಕೊಂಡು ನೇರವಾಗಿ ಪೋಸ್ಟಾಫೀಸಿಗೆ ನಡೆದೆ. ಥರ್ಮಾಸು ಮರೆತಿದ್ದೆ.

ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕುಳಿತೆ. ಒಂದು ಗಂಟೆ ಆಯಿತು, ಲೈನು ಸಿಗಲಿಲ್ಲ. ಕೌಂಟರಿನವರು ಎರಡು ಸಲ, "ಕ್ಯಾನ್ಸಲ್ ಮಾಡ್ಲೇನ್ರಿ ಅಕ್ಕಾರ?" ಎಂದು ಕೇಳಿದರು. ಎರಡು ಸಲವೂ ಹೂಂ ಎನ್ನಲು ಬಾಯಿ ತೆರೆದೆ. ಬಾಗಿಲಾಚೆ ಆ ಜೀಪು ನಿಂತಿತ್ತು. ಡ್ರೈವರು ರೇಡಿಯೇಟರಿಗೆ ನೀರು ತುಂಬುತ್ತಿದ್ದ.

"ಗುಲಬರ್ಗಾ ಸಿಕ್ತು, ಮಾತಾಡ್ರಿ, ಜಲ್ದಿ!"

ಫೋನು ಭಾರವಾಗಿತ್ತು. ಆಚೆ ಕಡೆಯಿಂದ ದಣಿದ ಗಂಡಸಿನ ದನಿ. "ಡಾಕ್ಟರ್ ಶೌಕತ ಅಲಿ. ಯಾರು?"

"ಸಾರ್, ನಾಳೆ ಶಹಾಬಾದದ ಕ್ಯಾಂಪಿನ ಪಟ್ಟಿ ನಿಮ್ಮ ಹತ್ತಿರ ಇದೆಯಾ? ಅದರ ಕೆಳಗೆ ಸಾಕ್ಷಿ ಅಂತ ಸಹಿ ಇರೋದು ನಂದು. ನಾನು ಗುರುದೇವಿ."

ಕಾಗದ ಸರಿಸುವ ಸದ್ದಾಯಿತು. "ಅದ. ಹೇಳ್ರಿ."

"ಅದು ಒಪ್ಪಿಗೆ ಅಲ್ಲ ಸಾರ್. ಆ ಹೆಂಗಸರು ಆಪರೇಷನ್ನಿಗೆ ಹೆಬ್ಬೆಟ್ಟು ಕೊಟ್ಟಿಲ್ಲ. ನನಗೆ ಪಾಠ ಕಲಿಸಿದ್ದಕ್ಕೆ ಕೊಟ್ಟರು. ಮೇಲಿನ ತಲೆಬರಹ ಆಮೇಲೆ ಅಂಟಿಸಿದ್ದು."

"ಇದನ್ನ ಬರದು ಸಹಿ ಮಾಡಿ ಕೊಡ್ತೀರೇನು?"

"ಕೊಡ್ತೀನಿ. ಇವತ್ತಿನ ಟಪಾಲಿಗೇ ಹಾಕ್ತೀನಿ."

"ಟಪಾಲು ಮುಟ್ಟೂದ್ರಾಗ ಕ್ಯಾಂಪ್ ಮುಗೀತದ ಅಮ್ಮಾ. ಮುಂಜಾನಿ ಎಂಟಕ್ಕ ಅಲ್ಲೇ ಬಂದು ನನ್ನ ಕೈಯಾಗ ಕೊಡ್ರಿ. ಎಲ್ಲಾರೂ ಇರ್ತಾರ, ಮುಂದೇನಾಗ್ತದಂತ ನಾ ಹೇಳ್ಲಿಕ್ಕ ಬರಂಗಿಲ್ಲ. ನೀವು ಯಾರ ಕೈಕೆಳಗ ಟ್ರೇನಿಂಗ್ ಮಾಡ್ಲಿಕತ್ತೀರಿ?"

"ಹಮೀದಾಬೇಗಂ ಅವರ ಕೈಕೆಳಗೆ ಸಾರ್. ಇದನ್ನು ಹರಿದು ಹಾಕು ಅಂತ ಅವರು ಮೊದಲೇ ಹೇಳಿದ್ದರು. ಹಾಕದೇ ಬಿಟ್ಟವಳು ನಾನು. ಅದನ್ನೂ ಬರೆದುಕೊಡ್ತೀನಿ."

ಆಪರೇಟರ್ ನಡುವೆ ಬಂದು ಮೂರು ನಿಮಿಷ ಆಯಿತು ಎಂದ. ಇನ್ನೂ ಮೂರು ಕೊಡಿ ಎಂದೆ. ಮಗು ಫೋನಿನ ವೈರು ಹಿಡಿದು ಬಾಯಿಗೆ ಹಾಕಿಕೊಂಡಿತ್ತು. ಬಿಡಿಸಲಿಲ್ಲ.

"ಹಂಗಾದ್ರ ಒಂದೊಂದಽ ಹೆಸರು ಹಿಡಿಯೋಣು," ಎಂದರು ಡಾಕ್ಟರು. "ನಾ ಬರಕೊಳ್ತೀನಿ. ಮೊದಲನೇದು ಚಂದಮ್ಮ. ಮಕ್ಕಳು ಮೂರು ಅಂತದ."

"ಬದುಕಿರೋದು ಒಂದು ಸಾರ್. ಹೆಸರು ಮಾಳಮ್ಮ. ಇನ್ನೆರಡು ತೀರಿಹೋಗಿವೆ. ಕೇಳದೆ ಬರೆದದ್ದು ನನ್ನ ತಪ್ಪು."

ಪೆನ್ನು ಕಾಗದದ ಮೇಲೆ ಗೀರುವ ಸದ್ದು ನಿಲ್ಲುವವರೆಗೆ ಕಾದೆ.

"ಎರಡನೆಯ ಹೆಸರು ಓದಿ ಸಾರ್," ಎಂದೆ.